ಹೋರಿ ನೋಡಲು ಹೋದವರ ಜಲಬಾಧೆ

ಬಲಿಪಾಡ್ಯಮಿಯ ದಿನ ಹಾವೇರಿಯ ಬಸ್ ನಿಲ್ದಾಣದಲ್ಲಿ ಇಳಿದವನಿಗೆ ಹೋರಿಯ ಅಖಾಡಕ್ಕೆ ದಾರಿ ಯಾವುದೆಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಜನಪ್ರವಾಹ ಯಾವ ಕಡೆಗೆ ಹರಿಯುತ್ತಿದೆಯೋ ಆ ಕಡೆಗೆ ಹೆಜ್ಜೆ ಹಾಕಿದರಾಯಿತು. ಹಲಗೆಯ ಸದ್ದು, ಸಿಳ್ಳು, ಧ್ವನಿವರ್ಧಕದ ಅಬ್ಬರ ಇವೇ ಕೈಹಿಡಿದು ನಡೆಸುತ್ತವೆ. ದಾರಿ ಕೇಳುವ ಪ್ರಸಂಗ ಒದಗುವುದು ಅದಾದ ಎರಡು ತಾಸಿನ ಮೇಲೆ, ಬೇರೊಂದು ಕಾರಣಕ್ಕೆ. ಆಗ ಕೇಳಲು ಸಂಕೋಚ. ಸಂಕೋಚ ಬಿಟ್ಟು ಕೇಳಿದರೆ ಕೈಬೀಸಿ, "ಅಲ್ಲೇ, ಆ ಕಡಿಗೆ ಹೋಗ್ರಿ" ಎನ್ನುವವರೇ ಹೆಚ್ಚು. ‘ಆ ಕಡೆ’ ಎಂಬುದು ಗಂಡಸಿಗೆ ಒಂದು ಪಾಳುಗೋಡೆಯ ಮರೆ. ಹೆಂಗಸಿನ ಪಾಲಿಗೆ ಅದು ಎಲ್ಲಿಯೂ ಇಲ್ಲ.

ಹಾವೇರಿಯನ್ನು ಕುರಿತು ಬರೆದವರು ಏಲಕ್ಕಿಯ ಮಾಲೆಗಳ ಪರಿಮಳವನ್ನು ಬಣ್ಣಿಸಿದ್ದಾರೆ. ಪಶ್ಚಿಮಕ್ಕೆ ಮುಖಮಾಡಿ ನಿಂತ ಸಿದ್ಧೇಶ್ವರ ದೇವಾಲಯದ ಶಿಲ್ಪವನ್ನು ಕೊಂಡಾಡಿದ್ದಾರೆ. ಬ್ಯಾಡಗಿಯ ಮೆಣಸಿನಕಾಯಿ, ರಾಣೇಬೆನ್ನೂರಿನ ಕೃಷ್ಣಮೃಗ ಇವುಗಳ ಕೀರ್ತಿಗೂ ಕೊರತೆಯಿಲ್ಲ. ಆದರೆ ಈ ಮೂರು ಊರುಗಳಿಗೆ ಜನಜಾತ್ರೆಯ ದಿನ ಹೋದ ಪರಸ್ಥಳದವನು ಎಲ್ಲಿ ನೀರು ಕುಡಿಯಬೇಕು, ಎಲ್ಲಿ ನೆರಳು ಹಿಡಿಯಬೇಕು, ಹಿರಿಯರು ‘ಜಲಬಾಧೆ’ ಎಂದು ನಯವಾಗಿ ಕರೆದ ಆ ಬಾಧೆಯನ್ನು ಎಲ್ಲಿ ಕಳೆಯಬೇಕು ಎಂಬ ವಿಚಾರದಲ್ಲಿ ಪ್ರವಾಸ ಸಾಹಿತ್ಯವೆಲ್ಲ ಮೌನ ತಾಳಿದೆ. ಲೇಖಕರಿಗೆಲ್ಲ ಯೋಗಸಿದ್ಧಿಯಾಗಿತ್ತೋ ಏನೋ!

ಹೋರಿ ಬೆದರಿಸುವ ಸ್ಪರ್ಧೆಯನ್ನು ಕಾಣದವರಿಗೆ ಒಂದೆರಡು ಮಾತು ಹೇಳಬೇಕು. ಇದು ಗೂಳಿಕಾಳಗವಲ್ಲ, ಓಟದ ಪಂದ್ಯವೂ ಅಲ್ಲ. ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಸಾಕಿದ ಹೋರಿಯ ಕೊರಳಿಗೆ ಕೊಬ್ಬರಿ ಗಿಟಕುಗಳ ಮಾಲೆಗಳನ್ನು ಸುತ್ತುತ್ತಾರೆ. ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲ, ಮೇಲೆ ಬಲೂನುಗಳ ಗೊಂಚಲು. ಎರಡು ಬದಿಗೂ ಬೇಲಿ ಕಟ್ಟಿದ ಓಣಿಯಂಥ ಅಖಾಡದಲ್ಲಿ ಒಂದೊಂದೇ ಹೋರಿಯನ್ನು ಬಿಡುತ್ತಾರೆ. ಅದು ಜನದ ನಡುವೆ ನುಗ್ಗಿ ಓಡುವಾಗ ಕೊರಳ ಕೊಬ್ಬರಿಯನ್ನು ಹರಿದುಕೊಂಡವನು ಗಂಡು; ಹರಿಯಗೊಡದೆ ದಾಟಿ ಹೋದರೆ ಹೋರಿ ಗಂಡು. ಹೋರಿಗಳಿಗೆ ಚಿತ್ರನಟರ ಹೆಸರುಗಳಿವೆ, ಅಭಿಮಾನಿ ಬಳಗಗಳಿವೆ, ಊರ ಬಾಗಿಲಲ್ಲಿ ಆಳೆತ್ತರದ ಭಾವಚಿತ್ರಗಳಿವೆ. ಗೆದ್ದ ಹೋರಿಗೆ ಬೈಕು, ಬಂಗಾರಗಳ ಬಹುಮಾನವೂ ಉಂಟು. ದೀಪಾವಳಿಗೆ ಮೊದಲಾದ ಈ ಹಬ್ಬ ಒಂದೂರಿನಿಂದ ಇನ್ನೊಂದೂರಿಗೆ ಸರಿಯುತ್ತ ಸುಗ್ಗಿಯ ದಿನಗಳವರೆಗೂ ನಡೆಯುತ್ತದೆ.

ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ಏಳನೆಯ ಸರದಿಯ ನಡುವೆ ಪ್ರೇಕ್ಷಕರೆಲ್ಲ ಎದ್ದು ಮೈಮುರಿಯುವ ಒಂದು ಬಿಡುವುಂಟು. ಅಲ್ಲಿನ ದೊಡ್ಡ ಕ್ರೀಡಾಂಗಣಗಳ ನಕ್ಷೆಯಲ್ಲಿ ಯಾವ ಸಾಲಿನಲ್ಲಿ ಕುಳಿತವನಿಗೆ ಯಾವ ಶೌಚಗೃಹ ಹತ್ತಿರ ಎಂಬುದನ್ನೂ ಗುರುತಿಸಿರುತ್ತಾರೆ. ಹೋರಿಹಬ್ಬಕ್ಕೆ ಸಾಲೂ ಇಲ್ಲ, ಸರದಿಯೂ ಇಲ್ಲ, ಬಿಡುವೂ ಇಲ್ಲ. ಒಂದು ಹೋರಿ ಹೋಯಿತೆನ್ನುವಷ್ಟರಲ್ಲಿ ಇನ್ನೊಂದು ಬಂತು. ಬೇಲಿಯ ಪಕ್ಕದಲ್ಲಿ ಹೆಣಗಿ ಸಂಪಾದಿಸಿದ ಒಂದಡಿ ಜಾಗವನ್ನು ಬಿಟ್ಟು ಹೋದವನಿಗೆ ಮರಳಿ ಬಂದಾಗ ಆ ಜಾಗ ಸಿಕ್ಕುವುದಿಲ್ಲ. ಆದ್ದರಿಂದ ಜನ ತಡೆದುಕೊಳ್ಳುತ್ತಾರೆ. ತಡೆಯಲಾರದ ಗಳಿಗೆ ಬಂದಾಗ ಹಿಂದುಮುಂದು ನೋಡದೆ ಓಡುತ್ತಾರೆ.

ಅಪಾಯವಿರುವುದು ಅಲ್ಲಿಯೇ. ಬೇಲಿಯಿರುವುದು ಅಖಾಡದ ಎರಡು ಪಕ್ಕಕ್ಕೆ ಮಾತ್ರ; ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ. ಬೆದರಿದ ಹೋರಿ ಆ ಬಾಯಿಯಿಂದ ಹೊರಬಿದ್ದು, ಅದರ ಒಡೆಯ ಬಂದು ಹಿಡಿಯುವವರೆಗೆ ತನಗೆ ತೋಚಿದ ದಿಕ್ಕಿಗೆ ಓಡುತ್ತದೆ. ಮರೆಯನ್ನು ಹುಡುಕುವ ಪ್ರೇಕ್ಷಕನೂ ಜನ ವಿರಳವಾಗಿರುವ ಅದೇ ದಿಕ್ಕಿಗೆ ಹೋಗುತ್ತಾನೆ. ಹಿಡಿಯಲು ಹೋದವರಷ್ಟೇ ಅಲ್ಲ, ಬದಿಯಲ್ಲಿ ನಿಂತವರು, ದಾರಿಹೋಕರು ಕೂಡ ಕೊಂಬಿನ ಏಟಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಪ್ರಸಂಗಗಳು ಈ ಜಿಲ್ಲೆಯಲ್ಲಿ ನಡೆದಿವೆ. ಆದಕಾರಣ ಅನುಭವಿಗಳು ಹೊಸಬರಿಗೆ ಹೇಳುವ ಮೊದಲನೆಯ ಮಾತು ಹೋರಿಯ ವಿಷಯದ್ದಲ್ಲ: "ಅಖಾಡಕ್ಕ ಬರೂ ಮೊದಲ ಬಸ್‌ಸ್ಟ್ಯಾಂಡಿನಾಗ ಎಲ್ಲಾ ಮುಗಿಸ್ಕೊಂಡು ಬರ್ರಿ." ಇದಕ್ಕಿಂತ ಉಪಯುಕ್ತವಾದ ಪ್ರವಾಸಿ ಕೈಪಿಡಿಯನ್ನು ಯಾವ ಇಲಾಖೆಯೂ ಅಚ್ಚುಹಾಕಿಸಿಲ್ಲ.

ಬಸ್ ನಿಲ್ದಾಣವೇ ಈ ಮೂರು ಊರುಗಳಲ್ಲಿ ಪರಸ್ಥಳದವನ ನಿಜವಾದ ಆಶ್ರಯ. ಹಣ ಕೊಟ್ಟು ಬಳಸುವ ಶೌಚಾಲಯ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಬಿಂದೇಶ್ವರ ಪಾಠಕರು 1970ರಲ್ಲಿ ಸ್ಥಾಪಿಸಿದ ಸುಲಭ ಸಂಸ್ಥೆಯಿಂದ. 1974ರಲ್ಲಿ ಪಾಟ್ನಾದಲ್ಲಿ ಅದರ ಮೊದಲ ಸಾರ್ವಜನಿಕ ಶೌಚಾಲಯ ತೆರೆದಾಗ, ಇದಕ್ಕೂ ಜನ ದುಡ್ಡು ಕೊಟ್ಟಾರೆಯೇ ಎಂದು ನಕ್ಕವರಿದ್ದರಂತೆ. ಜನ ಕೊಟ್ಟರು, ಇಂದಿಗೂ ಕೊಡುತ್ತಿದ್ದಾರೆ. ಬಾಗಿಲಲ್ಲಿ ಕುಳಿತವನು ಮೊಬೈಲಿನ ಮೂಲಕವೂ ಹಣ ಪಡೆಯುವ ಕಾಲ ಬಂದಿದ್ದರೂ, ಅವಸರದಲ್ಲಿರುವವನಿಗೆ ಜೇಬಿನ ಚಿಲ್ಲರೆಯೇ ಮೇಲು. ಹೆದ್ದಾರಿಯಲ್ಲಿ ಕಾರಿನಲ್ಲಿ ಬರುವವರಿಗೆ ಪೆಟ್ರೋಲ್ ಬಂಕುಗಳಿವೆ. ಎಣ್ಣೆ ಹಾಕಿಸದಿದ್ದರೂ ಅಲ್ಲಿನ ಶೌಚಾಲಯವನ್ನೂ ಕುಡಿಯುವ ನೀರನ್ನೂ ಉಚಿತವಾಗಿ ಬಳಸಬಹುದೆಂಬುದು ಅನೇಕರಿಗೆ ತಿಳಿಯದು. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಊಟ ಮಾಡಿದವನಿಗೆ ಹಿಂದಿನ ಬಾಗಿಲೂ ತೆರೆಯುತ್ತದೆ. ಬೀದಿಯ ಗಾಡಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದವನಿಗೆ ರುಚಿ ಮಾತ್ರ ದಕ್ಕುತ್ತದೆ.

ಶೌಚಕ್ಕೂ ಕಾಸಿಗೂ ಗಂಟುಹಾಕಿದ ಕೀರ್ತಿ ನಮ್ಮ ಕಾಲದ್ದಲ್ಲ. ರೋಮಿನ ಜಗತ್ಪ್ರಸಿದ್ಧವಾದ ಕೊಲೋಸಿಯಮ್ ಎಂಬ ಬಯಲು ರಂಗಮಂದಿರವನ್ನು ಕಟ್ಟಿಸತೊಡಗಿದ ಚಕ್ರವರ್ತಿ ವೆಸ್ಪಾಸಿಯನನೇ ಮೂತ್ರದ ಮೇಲೆ ತೆರಿಗೆಯನ್ನೂ ಹಾಕಿದವನು. ಬಟ್ಟೆ ಒಗೆಯುವವರು ಅದನ್ನು ಕೊಳ್ಳುತ್ತಿದ್ದ ಕಾಲ. ಮಗ ಟೈಟಸನು ಮೂಗು ಮುರಿದಾಗ ತಂದೆ ತೆರಿಗೆಯ ನಾಣ್ಯವನ್ನೇ ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತದೆಯೇ ಎಂದು ವಿಚಾರಿಸಿದನಂತೆ. ಮುಂದೆ ಪ್ಯಾರಿಸಿನ ಬೀದಿಗಳಲ್ಲಿ ಗಂಡಸರ ಮೂತ್ರಾಲಯಗಳು ಎದ್ದಾಗ ಜನ ಅವುಗಳಿಗೆ ಆ ಚಕ್ರವರ್ತಿಯ ಹೆಸರನ್ನೇ ಇಟ್ಟರು. ‘ಗಂಡಸರ’ ಎಂಬ ಮಾತನ್ನು ಗಮನಿಸಬೇಕು. ಪ್ಯಾರಿಸಿನಲ್ಲಾಗಲಿ ಹಾವೇರಿಯಲ್ಲಾಗಲಿ, ಊರು ಮೊದಲು ನೆನೆಯುವುದು ಗಂಡಸಿನ ಬಾಧೆಯನ್ನೇ.

ಹಾವೇರಿಯ ಹೆಂಗಸರು ಹೋರಿ ನೋಡುವುದು ಮಾಳಿಗೆಗಳ ಮೇಲೆ ನಿಂತು. ಅಖಾಡದ ಸುತ್ತಲಿನ ಮನೆಗಳ ಮಾಳಿಗೆಗಳೆಲ್ಲ ಅಂದು ನೆಂಟರಿಷ್ಟರಿಂದ ತುಂಬಿರುತ್ತವೆ. ನೆಂಟರಿಲ್ಲದ ಹೆಂಗಸು ಏನು ಮಾಡಬೇಕು? ಆಕೆ ಮೊದಲು ಮಾಡುವುದು ನೀರು ಕುಡಿಯುವುದನ್ನು ಬಿಡುವುದು. ಬೆಳಗಿನ ಚಹಾ ಬಿಟ್ಟು, ದಾರಿಯಲ್ಲಿ ನೀರು ಬಿಟ್ಟು, ಉರಿಬಿಸಿಲಿನಲ್ಲಿ ಒಣತುಟಿಯಿಂದ ನಿಂತು, ಸಂಜೆ ತಲೆನೋವು ಹೊತ್ತು ಮನೆಗೆ ಮರಳುವುದು ನಮ್ಮ ಹೆಂಗಸರಿಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಯಾರೂ ಕಷ್ಟವೆಂದೇ ಎಣಿಸುವುದಿಲ್ಲ. ಹೀಗೆ ನೀರು ಬಿಟ್ಟು ತಡೆಹಿಡಿಯುವ ಅಭ್ಯಾಸದಿಂದ ಉರಿಮೂತ್ರ, ಮೂತ್ರನಾಳದ ಸೋಂಕು ಹತ್ತುತ್ತವೆಂದು ವೈದ್ಯರು ಹೇಳುತ್ತಲೇ ಇದ್ದಾರೆ. 2023ರ ಜೂನ್ 11ರಿಂದ ರಾಜ್ಯದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಚಿಂತೆಯಿಲ್ಲ. ಜಾತ್ರೆ ಉತ್ಸವಗಳಿಗೆ ತಾಯಿ, ಮಗಳು, ಸೊಸೆಯರು ಗುಂಪುಗೂಡಿ ಬರುತ್ತಾರೆ. ಪಯಣ ಉಚಿತವಾಯಿತು, ಅದರ ಕೊನೆಯಲ್ಲಿ ಬೇಕಾದ ಬಾಗಿಲು ಇನ್ನೂ ತೆರೆಯಬೇಕಾಗಿದೆ.

ಆದರೂ ಒಂದು ಬಾಗಿಲುಂಟು. ಅದು ಯಾವ ನಕ್ಷೆಯಲ್ಲಿಯೂ ಕಾಣದು. ಅಖಾಡದಿಂದ ಎರಡು ಓಣಿ ಒಳಕ್ಕೆ ಹೋದರೆ, ಅಂಗಳದಲ್ಲಿ ಸಗಣಿಯ ಹಟ್ಟೆವ್ವನನ್ನು ಇಟ್ಟು ಹೂ ಏರಿಸಿದ ಮನೆಗಳ ಸಾಲು. ಕಟ್ಟೆಯ ಮೇಲೆ ಒಬ್ಬ ಮುದುಕಿ ಎಲೆಯಡಿಕೆ ಕುಟ್ಟುತ್ತ ಕುಳಿತಿರುತ್ತಾಳೆ. ಹೊಸಬಳು ಹತ್ತಿರ ಹೋಗಿ ದನಿ ತಗ್ಗಿಸಿ, "ಯವ್ವಾ, ಒಂದೀಟು ಒಳಗ ಹೋಗಿ ಬರ್ಲೇನಬೇ?" ಎಂದರೆ ಸಾಕು, ಉಳಿದದ್ದನ್ನು ಆಕೆ ಕೇಳುವುದಿಲ್ಲ. "ಬಾರವ್ವಾ, ಹಿತ್ತಲಾಗ ಐತಿ. ಚರಿಗಿ ಹಂಡೇದ ಬಾಜೂಕ ಐತಿ ನೋಡು." ಹೊರಬಂದವಳ ಕೈಗೆ ಕುಡಿಯುವ ನೀರಿನ ತಂಬಿಗೆಯೂ ಬರುತ್ತದೆ, ಯಾವೂರು, ಯಾರ ಮಗಳು ಎಂಬ ವಿಚಾರಣೆಯೂ ನಡೆಯುತ್ತದೆ. ಆದರೆ ಒಬ್ಬ ಮುದುಕಿಯ ಹಿತ್ತಲು ಎಷ್ಟು ಜನಕ್ಕೆ ಸಾಕಾದೀತು? 2023ರ ಜನವರಿ 6ರಿಂದ 8ರವರೆಗೆ ಇದೇ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನೆರೆದಿತ್ತು. ಮೂರು ದಿನದ ಅಕ್ಷರಜಾತ್ರೆಯನ್ನು ನಡೆಸಿಕೊಟ್ಟ ಊರಿಗೆ, ವರ್ಷಕ್ಕೊಮ್ಮೆ ತಪ್ಪದೆ ಬರುವ ಹೋರಿಹಬ್ಬಕ್ಕೆ ತಗಡಿನ ನಾಲ್ಕು ಮರೆಗಳನ್ನು ನಿಲ್ಲಿಸುವುದು ಅಸಾಧ್ಯದ ಮಾತೇನೂ ಅಲ್ಲ.

ಹಾವೇರಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಮೋಟೆಬೆನ್ನೂರು. ಗಾಂಧೀಜಿಯವರೊಡನೆ 1930ರ ದಂಡಿಯಾತ್ರೆಯಲ್ಲಿ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಊರು. ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಬ್ಯಾಡಗಿ. ಊರು ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಜನವರಿಯಿಂದ ಏಪ್ರಿಲಿನವರೆಗೆ ಸೋಮವಾರ, ಗುರುವಾರಗಳ ಸಂತೆಗೆ ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ಮೆಣಸಿನಕಾಯಿ ಹೊತ್ತ ಲಾರಿಗಳು ಹಿಂದಿನ ರಾತ್ರಿಯೇ ಬಂದು ನಿಲ್ಲುತ್ತವೆ. ಒಂದೇ ದಿನ ಲಕ್ಷಗಟ್ಟಲೆ ಚೀಲಗಳು ಇಳಿಯುವುದುಂಟು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದರಿಂದ ತೆಗೆದ ಕೆಂಪು ತುಟಿಯ ಬಣ್ಣಕ್ಕೂ ಸಲ್ಲುತ್ತದೆಂದು ಕೇಳಿದ ಪ್ರವಾಸಿ ಬೆರಗಾಗಿ ಒಂದು ಹಿಡಿ ಕಾಯನ್ನು ಮುರಿದು, ಮೂಸಿ ನೋಡದೆ ಬಿಡುವುದಿಲ್ಲ.

ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು! ಲೋಕವೆಲ್ಲ ಶೌಚದ ನಂತರ ಕೈ ತೊಳೆದರೆ ಬ್ಯಾಡಗಿಯಲ್ಲಿ ಶೌಚಕ್ಕೆ ಮೊದಲೇ ತೊಳೆಯಬೇಕು. ಖಾರ ಕಡಿಮೆಯೆಂಬುದು ನಾಲಗೆಯ ಮಾತು. ಮೃದುವಾದ ಚರ್ಮಕ್ಕೆ ಆ ತಾರತಮ್ಯ ತಿಳಿಯದು. ಬರಿಯ ನೀರಿನಿಂದ ತೊಳೆದರೂ ಪ್ರಯೋಜನವಿಲ್ಲ, ಏಕೆಂದರೆ ಖಾರದ ಸತ್ವ ನೀರಿನಲ್ಲಿ ಕರಗುವಂಥದಲ್ಲ, ಎಣ್ಣೆಯಲ್ಲಿ ಕರಗುವಂಥದು. ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸಾಬೂನು ಹಚ್ಚಬೇಕು. ಹಮಾಲರಿಗೆ ಇದು ಗೊತ್ತು. ಹಣ ಕೊಟ್ಟು ಒಳಹೊಕ್ಕ ಹೊಸಬ ಮಾತ್ರ ಬೊಬ್ಬೆಯಿಡುತ್ತ ಹೊರಬರುತ್ತಾನೆ, ಹೊರಗಿದ್ದವರು ನಗುತ್ತಾರೆ.

ನಗುವಿನ ಈ ಪ್ರಸಂಗ ಪ್ರವಾಸಿಗೆ ಒಂದು ದಿನದ್ದು. ಅಂಗಡಿಗಳ ಹಿಂದೆ, ಗೋದಾಮುಗಳ ಒಳಗೆ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವ, ಕಾಯಿ ಆರಿಸುವ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ದಿನವೂ ಬರುತ್ತಾರೆ. ಬಾಯಿಗೆ ಸೆರಗು ಕಟ್ಟಿ, ಘಾಟಿನಲ್ಲಿ ಕೆಮ್ಮುತ್ತ ದುಡಿಯುವ ಅವರಿಗೆ ಬಾಯಾರಿಕೆ ಬೇರೆಯವರಿಗಿಂತ ಹೆಚ್ಚು. ನೀರು ಕುಡಿದರೆ ಏಳಬೇಕು. ಎದ್ದರೆ ತೂಕಕ್ಕೆ ಸಿಗುವ ಕೂಲಿ ಕಡಿಮೆಯಾಗುತ್ತದೆ. ಮುರಿದ ಕೈಯ ಉರಿಯಂತೂ ಇದ್ದೇ ಇದೆ. ಬ್ಯಾಡಗಿಯಲ್ಲಿ ಶೌಚಾಲಯವೆಷ್ಟು ಎಂದು ಎಣಿಸುವವರು ಅವುಗಳ ಬಾಗಿಲಲ್ಲಿ ಸಾಬೂನಿನ ತುಂಡೂ ಒಂದು ಗಿಂಡಿ ಎಣ್ಣೆಯೂ ಇವೆಯೇ ಎಂದು ಎಣಿಸಿದರೆ ಲೆಕ್ಕ ಹೆಚ್ಚು ನಿಜವಾದೀತು.

ರಾಣೇಬೆನ್ನೂರು ಈ ಮೂರರಲ್ಲಿ ವ್ಯಾಪಾರದ ಊರು, ಹತ್ತಿಯ ಊರು, ಬೀಜೋತ್ಪಾದನೆಯ ಊರು. ಅಂಗಡಿ ಖಾನಾವಳಿಗಳಿಗೆ ಇಲ್ಲಿ ಕೊರತೆಯಿಲ್ಲ. 1974ರಲ್ಲಿ ಘೋಷಿತವಾದ ಕೃಷ್ಣಮೃಗಗಳ ಅಭಯಾರಣ್ಯಕ್ಕೆ ಹೋಗುವವರು ಎಲ್ಲವನ್ನೂ ಪೇಟೆಯಲ್ಲಿಯೇ ತೀರಿಸಿಕೊಂಡು ಹೋಗುವುದು ಲೇಸು. ಕುರುಚಲು ಬಯಲಿನಲ್ಲಿ ಜಿಂಕೆಗೇ ಮರೆಯಿಲ್ಲ, ಮನುಷ್ಯನಿಗೆಲ್ಲಿ? ಆದರೆ ಇಲ್ಲಿನ ನಿಜವಾದ ಜನಸಾಗರವನ್ನು ಕಾಣಲು ಮಹಾನವಮಿಯ ಸಮಯದಲ್ಲಿ ತಾಲ್ಲೂಕಿನ ದೇವರಗುಡ್ಡಕ್ಕೆ, ಮಾಲತೇಶನ ಕಾರಣಿಕಕ್ಕೆ ಹೋಗಬೇಕು. ಚಕ್ಕಡಿಗಳು, ಟ್ರ್ಯಾಕ್ಟರುಗಳು, ಕರಿಯ ಕಂಬಳಿ ತೊಟ್ಟ ಗೊರವರು, ಭಂಡಾರದ ಹಳದಿ, ‘ಏಳುಕೋಟಿ’ಯ ಘೋಷ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗುತ್ತಲೇ ಅಷ್ಟೂ ಜನದ ಉಸಿರು ಕಟ್ಟುತ್ತದೆ. ಒಂದೇ ವಾಕ್ಯ ನುಡಿದು ಆತ ಕೆಳಕ್ಕೆ ಬೀಳುತ್ತಾನೆ. ಮಳೆ, ಬೆಳೆ, ರಾಜ್ಯಭಾರ ಎಲ್ಲವೂ ಆ ವಾಕ್ಯದಲ್ಲಿ ಅಡಗಿದೆಯೆಂದು ಜನ ನಂಬುತ್ತಾರೆ.

ಅಪರಾಹ್ನದಿಂದ ಕದಲದೆ ಕಾದು ನಿಂತ ಜನ ಆ ವಾಕ್ಯ ಕಿವಿಗೆ ಬಿದ್ದ ಕ್ಷಣವೇ ನಾಲ್ಕೂ ದಿಕ್ಕಿಗೆ ಚೆದುರುತ್ತದೆ. ಭಕ್ತಿ ತೀರಿದೊಡನೆ ದೇಹ ತನ್ನ ಸಾಲವನ್ನು ಕೇಳುತ್ತದೆ. ಇಲ್ಲಿ ಹಳೆಯ ಯಾತ್ರಿಕರ ಬುದ್ಧಿಯನ್ನು ಮೆಚ್ಚಬೇಕು. ಚಕ್ಕಡಿ ಕಟ್ಟಿಕೊಂಡು ಬಂದ ಕುಟುಂಬಗಳು ಎರಡು ಗಾಡಿಗಳನ್ನು ತುಸು ದೂರ ಬಿಟ್ಟು ಸಮನಾಗಿ ನಿಲ್ಲಿಸಿ, ನೊಗದಿಂದ ನೊಗಕ್ಕೆ ಒಂದು ಹಳೆಯ ಇಳಕಲ್ ಸೀರೆಯನ್ನು ಬಿಗಿಯುತ್ತಾರೆ. ಒಳಗೊಂದು ಕೊಡ, ಒಂದು ಚರಿಗೆ. ಮನೆಯ ಹೆಂಗಸರ ಸರದಿ ಮುಗಿದ ಮೇಲೆ ಟ್ರ್ಯಾಕ್ಟರಿನಲ್ಲಿ ಬಂದವರು, ಬಸ್ಸಿನಲ್ಲಿ ಬಂದವರು, ಗುರುತು ಪರಿಚಯವಿಲ್ಲದವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಯಾರೂ ಬೇಡವೆನ್ನುವುದಿಲ್ಲ. ಆ ಹೊತ್ತಿಗೆ ಗಂಡಸರು ಗಾಡಿಯ ಆಚೆ ಬದಿಗೆ ಕುಳಿತು ಗೊರವಯ್ಯನ ಮಾತಿನ ಅರ್ಥ ಮಳೆಯೋ ಬರವೋ ಎಂದು ಗಟ್ಟಿಯಾಗಿ ವಾದಿಸುತ್ತಿರುತ್ತಾರೆ. ಕೊಡದ ನೀರು ಮುಗಿದಾಗ ಮನೆಯ ಹಿರಿಯಳು ಸೀರೆಯನ್ನು ಬಿಚ್ಚಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಗಾಡಿಯ ಹುಲ್ಲಿನ ಕೆಳಗೆ ಇಡುತ್ತಾಳೆ, ಎತ್ತುಗಳನ್ನು ಹೂಡುತ್ತಾರೆ.