ಇಸ್ತಾಂಬುಲಿನಲ್ಲಿ ಅಮ್ಮನ ಊಟ

ಪರದೇಶಕ್ಕೆ ಹೊರಟ ನಮ್ಮವರ ಪೆಟ್ಟಿಗೆಯನ್ನು ಸುಂಕದ ಅಧಿಕಾರಿಗಳು ಬಿಚ್ಚಿ ನೋಡಿದರೆ, ಇವರು ಊರು ನೋಡಲು ಬಂದವರೋ ಕ್ಷಾಮಕ್ಕೆ ಹೆದರಿ ಓಡಿಬಂದವರೋ ಎಂದು ಸಂಶಯಪಟ್ಟಾರು. ಎಪ್ಪತ್ತು ದಾಟಿದ ನನ್ನ ತಾಯಿ ನನ್ನೊಡನೆ ಇಸ್ತಾಂಬುಲಿಗೆ ಹೊರಟಾಗ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆಗಳೇ ಅರ್ಧ ಪೆಟ್ಟಿಗೆಯನ್ನು ಆಕ್ರಮಿಸಿದ್ದವು. ನಾನು ನಗಲಿಲ್ಲ. ಹುಟ್ಟಿದಂದಿನಿಂದ ಮಾಂಸ ಮುಟ್ಟದವಳು ಕಬಾಬಿಗೆ ಹೆಸರಾದ ಊರಿನಲ್ಲಿ ಎಂಟು ದಿನ ಕಳೆಯಬೇಕಾಗಿತ್ತು. ಅದರ ಮೇಲೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಬೀಳಲೇಬೇಕೆಂದು ವೈದ್ಯರ ಕಟ್ಟಪ್ಪಣೆ. ಸಂಶಯ ಬಂದ ಊಟವನ್ನು ಮುಟ್ಟುವುದಿಲ್ಲವೆಂದು ಅಮ್ಮನ ಹಟ. ಈ ಎರಡರ ನಡುವೆ ಸಿಕ್ಕಿಕೊಂಡವನು ನಾನು.

ಊರು ಮುಟ್ಟಿದ ಮರುದಿನ ಬೆಳಗ್ಗೆ ಎಮಿನೋನು ದೋಣಿಕಟ್ಟೆಗೆ ಹೋದೆವು. ಒಂದೂವರೆ ಕೋಟಿಗೂ ಮಿಕ್ಕ ಜನರಿರುವ ಈ ನಗರದ ಒಂದು ಭಾಗ ಯೂರೋಪಿನಲ್ಲಿದೆ, ಇನ್ನೊಂದು ಏಷ್ಯಾದಲ್ಲಿ. ನಡುವೆ ಬಾಸ್ಫೊರಸ್ ಜಲಸಂಧಿ. ಕೆಲಸಕ್ಕೆಂದು ಖಂಡದಿಂದ ಖಂಡಕ್ಕೆ ಹೋಗಿಬರುವ ಮಂದಿ ಹಡಗುಗಳಿಂದ ಸಂತೆಯಂತೆ ಇಳಿಯುತ್ತಿದ್ದರು. ಪಕ್ಕದಲ್ಲೇ ಇರುವ ಸೇತುವೆಯ ಹೆಸರು ಗಲಾಟಾ. ಈಗಿನದು 1994ರಲ್ಲಿ ತೆರೆದದ್ದು. ಮೇಲೆ ಟ್ರಾಮು, ಮೋಟಾರು, ಸಾಲಾಗಿ ನಿಂತು ಗಾಳ ಬಿಟ್ಟ ಮೀನುಗಾರರು. ಕೆಳಗಿನ ಅಂತಸ್ತಿನಲ್ಲಿ ಮೀನಿನ ಹೋಟೆಲುಗಳು. ಹೆಸರನ್ನು ಕೇಳಿದ ಅಮ್ಮ, "ಸರಿಯಾಗೇ ಇಟ್ಟಿದಾರೆ ಕಣೋ" ಎಂದಳು.

ಮೊದಲ ಗೆಲುವು ಸಿಮಿತ್‌ನಿಂದ ಬಂತು. ಇದು ಬಳೆಯಾಕಾರದ ರೊಟ್ಟಿ. ಹಿಟ್ಟಿನ ಬಳೆಯನ್ನು ದ್ರಾಕ್ಷಿಯ ಕಾಕಂಬಿ ಬೆರೆಸಿದ ನೀರಿನಲ್ಲಿ ಅದ್ದಿ, ಎಳ್ಳಿನಲ್ಲಿ ಹೊರಳಿಸಿ ಸುಡುತ್ತಾರೆ. ಮೇಲೆ ಗರಿಗರಿ, ಒಳಗೆ ಮೆದು. ಕೆಂಪು ಬಣ್ಣದ ತಳ್ಳುಗಾಡಿಗಳಲ್ಲಿ ಮಾರುವ ಇದನ್ನು ಅಮ್ಮ ನಾಲ್ಕು ಕಡೆ ತಿರುಗಿಸಿ ನೋಡಿದಳು. ಎಳ್ಳು ಗುರುತಿನ ನೆಂಟನಂತೆ ಕಂಡಿರಬೇಕು. ಮುರಿದು ಬಾಯಿಗೆ ಹಾಕಿಕೊಂಡಳು. ಅದರ ಜೊತೆಗೆ ಆಯ್ರಾನ್, ಎಂದರೆ ಉಪ್ಪು ಹಾಕಿದ ಮಜ್ಜಿಗೆ. ಒಗ್ಗರಣೆ, ಕರಿಬೇವು ಇಲ್ಲವೆಂಬ ಕೊರತೆ ಬಿಟ್ಟರೆ ನಮ್ಮದೇ.

ಆದರೆ ಸಿಮಿತ್ ಊಟವಾಗಲಾರದು. 17ನೆಯ ಶತಮಾನದ ಮಸಾಲೆ ಪೇಟೆಯನ್ನು ಸುತ್ತುವಷ್ಟರಲ್ಲಿ ಗಂಟೆ ಎರಡಾಯಿತು. ಬೆಳಗಿನ ಗುಳಿಗೆ ನುಂಗಿಯಾಗಿತ್ತು, ಕೋಡುಬಳೆಯ ಡಬ್ಬ ಹೋಟೆಲಿನ ಕೋಣೆಯಲ್ಲಿತ್ತು. ಅಮ್ಮನ ಕೈ ಸಣ್ಣಗೆ ನಡುಗುತ್ತಿರುವುದನ್ನು ಕಂಡು ನನಗೆ ಗಾಬರಿಯಾಯಿತು.

ಎದುರಿಗಿದ್ದ ಊಟದ ಮನೆಯೊಳಕ್ಕೆ ನುಗ್ಗಿದೆವು. ಇಂಥದನ್ನು ಅಲ್ಲಿ ಲೋಕಾಂತಾ ಎನ್ನುತ್ತಾರೆ. ಪೇಟೆಯ ಕಸುಬುದಾರರಿಗೆಂದು ಬೆಳಗ್ಗೆಯೇ ಅಡುಗೆ ಮಾಡಿ ತಟ್ಟೆಗಳಲ್ಲಿ ಜೋಡಿಸಿಡುತ್ತಾರೆ. ಕಣ್ಣಾರೆ ನೋಡಿ ಬೆರಳು ತೋರಿಸಿದರೆ ಸಾಕು. ಚನ್ನಂಗಿ ಬೇಳೆಯ ಗಟ್ಟಿ ಸಾರು ಹಬೆಯಾಡುತ್ತಿತ್ತು, ಪಕ್ಕದಲ್ಲಿ ನಿಂಬೆಯ ಹೋಳು. ಅಮ್ಮನ ಮುಖ ಅರಳಿತು. ತುರ್ಕಿಯ ಭಾಷೆಯಲ್ಲಿ 'ಎತ್' ಎಂದರೆ ಮಾಂಸ, 'ಎತ್‌ಸಿಜ್' ಎಂದರೆ ಮಾಂಸವಿಲ್ಲದ್ದು. ಇಷ್ಟನ್ನು ಕಲಿತಿದ್ದ ನಾನು ಸಾರನ್ನು ತೋರಿಸಿ, "ಎತ್‌ಸಿಜ್?" ಎಂದೆ. ಸೌಟು ಹಿಡಿದಿದ್ದ ಮುದುಕ ಅಮ್ಮನನ್ನೊಮ್ಮೆ ನೋಡಿದ. ಹುಬ್ಬು ಮೇಲೇರಿಸಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ನಾಲಗೆಯಿಂದ 'ಚ್' ಎಂದ.

"ಪಾಪ, ನಮ್ಮನ್ನು ನೋಡಿ ಲೊಚಗುಟ್ಟುತಾ ಇದಾನೆ" ಎಂದಳು ಅಮ್ಮ.

ಅದು ಮರುಕವಲ್ಲ, ಆ ದೇಶದಲ್ಲಿ 'ಇಲ್ಲ' ಎನ್ನುವ ರೀತಿಯೇ ಅದು. "ಎತ್ ಸುಯು" ಎಂದು ಆತ ಬಿಡಿಸಿ ಹೇಳಿದ. ಮಾಂಸ ಬೇಯಿಸಿದ ನೀರು. ಬೇಳೆ ಬೆಂದದ್ದು ಅದರಲ್ಲಿ.

ಆತ ಸುಮ್ಮನೆ ತಲೆಯಾಡಿಸಿ ಎರಡು ಬಟ್ಟಲು ಬಡಿಸಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಹಿಂದೆ ಗಿರಾಕಿಗಳ ಸಾಲಿತ್ತು. ಅದನ್ನು ಹಾಗೆಯೇ ನಿಲ್ಲಿಸಿ, ಆ ಮುದುಕ ಗಲ್ಲಾದ ಹಿಂದಿನಿಂದ ಈಚೆಗೆ ಬಂದು, ನನ್ನ ಮೊಣಕೈ ಹಿಡಿದು ಇನ್ನೊಂದು ತುದಿಗೆ ಕರೆದೊಯ್ದ. ಅಲ್ಲಿದ್ದುದು ಆಲಿವ್ ಎಣ್ಣೆಯ ಅಡುಗೆಗಳು: ಹುರುಳಿಕಾಯಿ, ಬದನೆಕಾಯಿ, ಅನ್ನ ತುಂಬಿ ಸುರುಳಿ ಸುತ್ತಿದ ದ್ರಾಕ್ಷಿಯ ಎಲೆ. ಆರಿದರೂ ಗಟ್ಟಿಯಾಗದ ಎಣ್ಣೆಯಾದುದರಿಂದ ಇವನ್ನು ತಣ್ಣಗೆಯೇ ಬಡಿಸುತ್ತಾರೆ.

"ಆರಿದ್ದನ್ನು ಹೇಗೋ ತಿನ್ನೋದು?" ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಎರಡು ಸಲ ಬಡಿಸಿಕೊಂಡಳು. ಕೈಯ ನಡುಕ ನಿಂತಿತು. ಆ ದಿನದ ಮಟ್ಟಿಗೆ ನನಗೆ ಆಯಾ ಸೋಫಿಯಾದ ಗುಮ್ಮಟಕ್ಕಿಂತಲೂ ದೊಡ್ಡ ದೃಶ್ಯ ಅದೇ.

ಆ ಮೇಲೆ ಧೈರ್ಯ ಬಂದು, ಊರಿನ ಅಡುಗೆಯ ಹೆಸರುಗಳನ್ನು ಕೆದಕತೊಡಗಿದೆ. ಮಾಂಸ ತುಂಬದೆ ಮಾಡಿದ ದೋಲ್ಮಾಕ್ಕೆ ಅಲ್ಲಿ 'ಯಾಲಾಂಜಿ' ಎಂದು ಹೆಸರು, ಎಂದರೆ ಸುಳ್ಳುಗಾರ! ಅವರ ದೃಷ್ಟಿಯಲ್ಲಿ ನಮ್ಮ ಕುಲವೆಲ್ಲ ಸುಳ್ಳುಗಾರರೇ ಸರಿ. ಇದಕ್ಕೆ ತದ್ವಿರುದ್ಧವಾದುದು 'ಚೀ ಕೊಫ್ತೆ'. ಹಸಿಮಾಂಸದ ಉಂಡೆ ಎಂದು ಹೆಸರಿನ ಅರ್ಥ. ಆದರೆ ಇಂದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರುವುದು ಗೋಧಿನುಚ್ಚು, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ನಾದಿ ಮಾಡಿದ್ದು, ಮಾಂಸದ ಸೋಂಕಿಲ್ಲ. ಹೆಸರು ಕೇಳಿಯೇ ಅಮ್ಮ "ಛೀ" ಎಂದುಬಿಟ್ಟಳು. ಖಾರವಾಗಿತ್ತೆಂದು ನಾನೊಬ್ಬನೇ ಎರಡು ಪಾಲನ್ನೂ ತಿಂದೆ. ಬದನೆಕಾಯಿಯ 'ಇಮಾಮ್ ಬಾಯಿಲ್ದಿ' ಎಂದರೆ ಇಮಾಮರು ಮೂರ್ಛೆ ಹೋದರು ಎಂದು. ರುಚಿಗೆ ಮೂರ್ಛೆ ಹೋದರೆಂದು ಕೆಲವರು, ಖರ್ಚಾದ ಎಣ್ಣೆಯನ್ನು ಕೇಳಿ ಎಂದು ಇನ್ನು ಕೆಲವರು. ಎಣ್ಣೆ ತೇಲುತ್ತಿದ್ದ ತಟ್ಟೆಯನ್ನು ನೋಡಿದ ಅಮ್ಮ ಎರಡನೆಯ ಪಕ್ಷ ಹಿಡಿದಳು.

ಕಾಫಿ ಮಾತ್ರ ಒಗ್ಗಲಿಲ್ಲ. 16ನೆಯ ಶತಮಾನದ ನಡುವಿನಲ್ಲೇ ಕಾಫಿ ಅಂಗಡಿಗಳು ಹುಟ್ಟಿದ ಊರು ಇದು. ನುಣ್ಣನೆಯ ಪುಡಿಯನ್ನು ಸಣ್ಣ ಹಿಡಿಪಾತ್ರೆಯಲ್ಲಿ ಕುದಿಸಿ, ಸೋಸದೆ, ಹಾಲಿಲ್ಲದೆ ಕೊಡುತ್ತಾರೆ. "ಚರಟ ಸಮೇತ ಕೊಟ್ಟಿದಾನಲ್ಲೋ!" ಎಂದು ಫಿಲ್ಟರ್ ಕಾಫಿಯಲ್ಲಿ ಬೆಳೆದ ನಾಲಗೆ ತೀರ್ಪು ಕೊಟ್ಟಿತು. ನಡುಸೊಂಟದ ಪುಟ್ಟ ಗಾಜಿನ ಲೋಟದ ಕೆಂಪು ಚಹಾ, ಸಕ್ಕರೆಯಿಲ್ಲದೆ, ಅವಳಿಗೆ ಹಿಡಿಸಿತು.

ನಾಲ್ಕನೆಯ ದಿನ ಹಡಗಿನಲ್ಲಿ ಏಷ್ಯಾದ ದಡದ ಕಾಡಿಕೋಯ್‌ಗೆ ಹೊರಟೆವು. ಇಪ್ಪತ್ತು ನಿಮಿಷಗಳ ಹಾದಿ. ಜನ ಎಸೆದ ಸಿಮಿತ್ ಚೂರುಗಳಿಗಾಗಿ ಕಡಲಹಕ್ಕಿಗಳು ಜೊತೆಗೇ ಹಾರಿಬಂದವು. ಇಳಿದು ಪೇಟೆಯೊಳಗೆ ನಡೆದಾಗ, ಹುಡುಗನೊಬ್ಬ ಸುಟ್ಟ ಮಾಂಸದ ತುಣುಕನ್ನು ರೊಟ್ಟಿಯ ಮೇಲಿಟ್ಟು ರುಚಿ ನೋಡಿರೆಂದು ಅಮ್ಮನ ಮುಂದೆ ಹಿಡಿದ. ನಾನು ಅಡ್ಡಬರುವ ಮೊದಲೇ ಅವಳು ಹುಬ್ಬು ಏರಿಸಿ, ಸೆರಗು ಸರಿಪಡಿಸಿಕೊಳ್ಳುತ್ತ, ತಲೆಯನ್ನು ಹಿಂದಕ್ಕೆ ಚೆಲ್ಲಿ 'ಚ್' ಎಂದಳು. ಹುಡುಗ ನಕ್ಕು ಪಕ್ಕದ ಹಣ್ಣಿನ ಅಂಗಡಿಯ ಕಡೆಗೆ ಕೈ ತೋರಿಸಿದ.