ಮಾಳಿಗೆಯ ಮಣ್ಣು, ಬೆಟ್ಟದ ಹಿಮ

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಕಡೆಯವರಾದ ನಮಗೆ ಹಿಮವೆಂದರೆ ಭೂಗೋಳದ ಪುಸ್ತಕದೊಳಗಿನ ಒಂದು ಚಿತ್ರ. ಆ ಚಿತ್ರವನ್ನು ತೋರಿಸಿಯೇ ಇಷ್ಟು ವರ್ಷ ಪಾಠ ಹೇಳಿದ ನಾವು, ಕಳೆದ ಮಾಗಿಯಲ್ಲಿ ಒಬ್ಬ ತಾಯಿಯ ಮುಂದೆ ಉತ್ತರ ತೋಚದೆ ಕುಳಿತೆವು.

ಆಕೆಯ ಮಗ ನಮ್ಮ ಶಾಲೆಯಲ್ಲಿಯೇ ಓದಿದವನು. ಅವನು ಸೈನ್ಯಕ್ಕೆ ಹೊರಟಾಗ ಅಳುತ್ತಿದ್ದ ಆಕೆಗೆ ಧೈರ್ಯ ಹೇಳಿದವರೂ ನಾವೇ. ಈಗ ಅವನಿಗೆ ಹಿಮದ ಗಡಿಗೆ ವರ್ಗವಾಗಿತ್ತು. ಆಕೆಗೆ ನೆನಪಾದವರು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಮಂಜುಗಡ್ಡೆಯ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಆರನೆಯ ದಿನ ಸುಮಾರು 25 ಅಡಿ ಆಳದಿಂದ ಇವರೊಬ್ಬರನ್ನು ಜೀವಂತವಾಗಿ ಹೊರತೆಗೆದರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು.

“ಮಾಳಿಗಿ ಬೀಳಾದು ಮೊದ್ಲೇ ತಿಳಿತದ್ರಿ ಸರ, ಆ ಬರ್ಫ ಬೀಳಾದು ತಿಳಿಯಂಗಿಲ್ಲೇನ್ರಿ?” ಎಂದು ಆಕೆ ಕೇಳಿದಳು.

“ಏನೂ ಆಗದು, ತಂಗೀ” ಎಂದುಬಿಟ್ಟೆವು. ಆಕೆ ಎದ್ದುಹೋದ ಮೇಲೆ ಆ ಮಾತು ನಮ್ಮನ್ನೇ ಚುಚ್ಚತೊಡಗಿತು. ತಿಳಿಯದುದನ್ನು ತಿಳಿದಂತೆ ಹೇಳುವುದು ಶಿಕ್ಷಕನಿಗೆ ಸಲ್ಲದು. ಕೆಲವು ದಿನ ಓದಿ ತಿಳಿದುಕೊಂಡು ನಾವೇ ಆಕೆಯ ಮನೆಗೆ ಹೋದೆವು.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ತರಬೇತಿಯಲ್ಲಿ ನಾವು ಕಲಿತ ಸೂತ್ರ. ಆಕೆಯೇ ಅದಕ್ಕೆ ದಾರಿ ತೋರಿದ್ದಳು. ಮಣ್ಣಿನ ಮಾಳಿಗೆಯ ಮೇಲೆ ವರ್ಷವರ್ಷವೂ ಸವುಳು ಮಣ್ಣು ಹರಡುತ್ತೇವೆ. ಪದರದ ಮೇಲೆ ಪದರ ಏರುತ್ತದೆ. ಎಡೆಬಿಡದ ಮಳೆಗೆ ನೆನೆದು ಭಾರವಾಗುತ್ತದೆ. ಕೆಳಗೆ ಜಂತಿಯೊಂದು ಲಡ್ಡಾಗಿದ್ದರೆ ಮುಗಿಯಿತು. ಬೆಟ್ಟದ ಹಿಮವೂ ಹಾಗೆಯೇ ಪದರಪದರವಾಗಿ ಕೂಡುತ್ತದೆ. ನಡುವೆ ಸಕ್ಕರೆಯಂತೆ ಹರಳಾಗಿ ಒಂದಕ್ಕೊಂದು ಅಂಟದ ಪದರವಿದ್ದರೆ, ಮೇಲಿನ ಗಟ್ಟಿ ಪದರ ಹಲಗೆಯಂತೆ ಒಮ್ಮೆಲೇ ಜಾರುತ್ತದೆ. ಇಳಿಜಾರು 30ರಿಂದ 45 ಡಿಗ್ರಿಯಿದ್ದಲ್ಲಿ ಅಪಾಯ ಹೆಚ್ಚು. ಒಬ್ಬ ಮನುಷ್ಯನ ಭಾರವೇ ಸಾಕಾಗಬಹುದು.

ಜಂತಿ ಲಟಕ್ಕೆಂದರೆ, ಮಣ್ಣು ಉದುರಿದರೆ ನಾವು ಮಕ್ಕಳನ್ನೆತ್ತಿಕೊಂಡು ಹೊರಗೋಡುತ್ತೇವೆ. ಹಿಮಕ್ಕೂ ಇಂಥ ಸೂಚನೆಗಳುಂಟು: ಹೆಜ್ಜೆಯಿಟ್ಟಾಗ ಒಳಗಿನಿಂದ ಧೊಪ್ಪೆನ್ನುವ ಸದ್ದು, ಪಾದದಡಿಯಿಂದ ಹರಿದೋಡುವ ಬಿರುಕು, ಗಾಳಿ ತಂದು ಒಟ್ಟಿದ ಹೊಸ ರಾಶಿ, ಥಟ್ಟನೆ ಏರಿದ ಬಿಸಿ. ಬಲ್ಲವರು ಗುಂಡಿ ತೋಡಿ, ಹಿಮದ ಕಂಬವೊಂದನ್ನು ಬಿಡಿಸಿ, ಅದರ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ಹಾಕಿ ನೋಡುತ್ತಾರೆ. ಬೇಗ ಮುರಿದಷ್ಟೂ ಭಯ ಹೆಚ್ಚು. ಈ ವಿದ್ಯೆಗೆಂದೇ ನಮ್ಮ ದೇಶದಲ್ಲಿ 1969ರಲ್ಲಿ ಮನಾಲಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. ಇಂದು ಆ ಕೆಲಸ ರಕ್ಷಣಾ ಸಂಶೋಧನಾ ಸಂಸ್ಥೆಯ ಚಂಡೀಗಡದ ವಿಭಾಗದಲ್ಲಿ ನಡೆದಿದೆ.

ಆದರೆ ಸೂಚನೆಗಳು ಅಪಾಯವನ್ನು ಹೇಳುತ್ತವೆ, ಗಳಿಗೆಯನ್ನಲ್ಲ. ಸಿಯಾಚಿನ್‌ನ ಆ ಗೋಡೆಯಂತಹುದು ಇಂಥ ಪರೀಕ್ಷೆಗೆ ಸಿಕ್ಕುವುದೂ ಅಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆವು.

“ಅಂದ್ರ ಪೂರಾ ಹೇಳಾಕ ಬರಂಗಿಲ್ಲ.”

“ಇಲ್ಲ, ತಂಗೀ.”

ಆಕೆ ಅಳಲಿಲ್ಲ. “ಇದನ್ನ ಅವಂಗೂ ಹೇಳ್ರಿ. ಸಪ್ಪಳ ಕೇಳ್ತಿರು ಅನ್ರಿ” ಎಂದು ಫೋನನ್ನು ನಮ್ಮ ಕೈಗಿತ್ತಳು.

ಹುಡುಗ ಎಲ್ಲವನ್ನೂ ಕೇಳಿ, “ಇಲ್ಲಿ ಮೊದ್ಲು ಕಲಿಸಿದ್ದೇ ಅದ್ರಿ ಸರ” ಎಂದ. ಆ ಮಾತನ್ನು ತಾಯಿಗೆ ತಿಳಿಸುವಾಗ ನಮ್ಮ ಕಂಠ ಬಿಗಿದುಬಂದಿತ್ತು.