ಅಲಾಸ್ಕ ಯಾತ್ರೆಯೂ ಹಡಗಿನ ದೊಡ್ಡ ಕೊಠಡಿಯೂ

ಕೆನಡ ದೇಶದ ಪಡುವಣ ತೀರದಲ್ಲಿ ವ್ಯಾಂಕೂವರ್ ಎಂಬ ರೇವುಪಟ್ಟಣವಿರುವುದು. ಅಲ್ಲಿ 1986ನೆಯ ಇಸವಿಯ ಮಹಾಪ್ರದರ್ಶನದ ಕಾಲಕ್ಕೆ ಕಟ್ಟಿದ, ಐದು ಬಿಳಿಯ ಹಾಯಿಗಳನ್ನು ಎತ್ತಿದಂತೆ ತೋರುವ ಹಡಗುಕಟ್ಟೆಯೊಂದುಂಟು. ಬೇಸಗೆಯಲ್ಲಿ ವಿಹಾರದ ಹಡಗುಗಳು ಅಲ್ಲಿಂದ ಅಲಾಸ್ಕಕ್ಕೆ ಹೊರಟು, ಕೆಚಿಕಾನ್, ಜುನೋ, ಸ್ಕಾಗ್ವೇ ಎಂಬ ಊರುಗಳನ್ನೂ, ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯನ್ನೂ ತೋರಿಸಿ, ಏಳು ದಿನಗಳಲ್ಲಿ ಹಿಂದಿರುಗುತ್ತವೆ. 2024ನೆಯ ಇಸವಿ ಜೂನ್ ತಿಂಗಳಲ್ಲಿ ನಾವು ಈ ಯಾತ್ರೆಯನ್ನು ಮಾಡಿಬಂದೆವು. ಕಂಡ ದೇಶದ ವಿಷಯದೊಡನೆ, ಹೊರಡುವ ಮೊದಲು ನಮ್ಮ ಮನೆಮಂದಿಯಲ್ಲಿ ಎರಡು ವಾರ ಚರ್ಚೆಗೆ ಗುರಿಯಾದ ಒಂದು ಪ್ರಶ್ನೆಯನ್ನೂ ವಾಚಕರ ಮುಂದಿಡುತ್ತೇವೆ. ಮಕ್ಕಳು ಹೊರದೇಶಗಳಲ್ಲಿ ನೆಲಸಿರುವ ಗೃಹಸ್ಥರಿಗೆ ಇದು ಇಂದಲ್ಲ ನಾಳೆ ಎದುರಾಗತಕ್ಕದ್ದೇ.

ಈ ಹಡಗುಗಳಲ್ಲಿ ಕೊಠಡಿಗಳು ಸ್ಥೂಲವಾಗಿ ನಾಲ್ಕು ಬಗೆ. ಕಿಟಕಿಯೇ ಇಲ್ಲದ ಒಳಕೊಠಡಿ ಒಂದು. ಕಡಲ ಕಡೆಗೆ ಗಾಜಿನ ಕಿಟಕಿಯುಳ್ಳದ್ದು ಎರಡನೆಯದು. ಇಬ್ಬರು ಕುರ್ಚಿ ಹಾಕಿಕೊಂಡು ಕೂರುವಷ್ಟು ಬಾಲ್ಕನಿಯುಳ್ಳದ್ದು ಮೂರನೆಯದು. ನಡುಮನೆ, ಮಲಗುವ ಕೊಠಡಿ, ವಿಶಾಲವಾದ ಸ್ನಾನಗೃಹಗಳಿಂದ ಕೂಡಿ 'ಸ್ವೀಟ್' ಎನಿಸಿಕೊಳ್ಳುವುದು ನಾಲ್ಕನೆಯದು. ನಮ್ಮ ಮಗನು ನಮ್ಮಿಬ್ಬರಿಗೆಂದು ಹಡಗಿನ ನಡುಭಾಗದಲ್ಲಿ ಬಾಲ್ಕನಿಯ ಕೊಠಡಿಯೊಂದನ್ನು ಗೊತ್ತುಮಾಡಿದ್ದನು.

ಹೀಗಿರಲು ಒಂದು ದಿನ ಹಡಗಿನವರಿಂದ ಅವನಿಗೆ ಓಲೆ ಬಂದಿತು. ಸ್ವೀಟುಗಳಲ್ಲಿ ಕೆಲವು ಖಾಲಿ ಉಳಿಯುವ ಸಂಭವವುಂಟು. ಈಗಾಗಲೇ ತೆತ್ತ ಹಣದ ಮೇಲೆ ತಲೆಗೆ ಇಷ್ಟೆಂದು ನೀವೇ ಬೆಲೆ ಹೇಳಿ. ಒಪ್ಪಿಗೆಯಾದರೆ ದೊಡ್ಡ ಕೊಠಡಿ ನಿಮ್ಮದು ಎಂಬುದು ಅದರ ತಾತ್ಪರ್ಯ. ಒಂದು ಬಗೆಯ ಹರಾಜೆನ್ನಬಹುದು. ಮಗನು ತಲೆಗೆ 800 ಡಾಲರಿನಂತೆ 1600 ಡಾಲರು ಹೇಳಬೇಕೆಂದು ಉತ್ಸಾಹಗೊಂಡನು. ತನ್ನ ಸಂಪಾದನೆಯಿಂದ ತಾಯಿತಂದೆಗಳನ್ನು ಒಮ್ಮೆ ಅರಸರಂತೆ ಕೂರಿಸಬೇಕೆಂಬುದು ಅವನ ಆಸೆ. ಅಂಥ ಆಸೆಯನ್ನು ಅಲ್ಲವೆನ್ನುವುದು ಸುಲಭವಲ್ಲ.

ಮೊದಲು ನಾವು ಗುಣದೋಷಗಳನ್ನು ವಿಚಾರಿಸಿದೆವು. ಸಾಮಾನ್ಯ ಕೊಠಡಿ 150ರಿಂದ 200 ಚದರಡಿಯಾದರೆ ಸ್ವೀಟು 300 ಚದರಡಿಗೂ ಮೇಲ್ಪಟ್ಟಿರುವುದು ವಾಡಿಕೆ. ಹಡಗು ಹತ್ತುವಾಗ, ದಡಕ್ಕಿಳಿಯುವಾಗ ಅವರಿಗೆ ಮುಂಚಿತವಾಗಿ ಅವಕಾಶವುಂಟು. ಕೆಲವು ಹಡಗುಗಳಲ್ಲಿ ಅವರಿಗೆ ಊಟದ ಶಾಲೆಯೂ ಬೇರೆ. ಇವು ಗುಣಗಳು. ಇನ್ನು ದೋಷಗಳು: ಇಂಥದೇ ಕೊಠಡಿ ಬೇಕೆಂದು ಆರಿಸಿಕೊಳ್ಳಲಾಗದು, ಕೊಟ್ಟದ್ದನ್ನು ಪಡೆಯಬೇಕು, ಬೆಲೆ ಒಪ್ಪಿಗೆಯಾದ ಮೇಲೆ ಮನಸ್ಸು ಬದಲಾಯಿಸಿದರೆ ಹಣ ಹಿಂದಿರುಗದು, ಸೇವಕರಿಗೆ ದಿನವೊಂದಕ್ಕೆ ಸಲ್ಲಿಸುವ ಬಕ್ಷೀಸಿನ ದರವೂ ಸ್ವೀಟಿನವರಿಗೆ ಸಾಮಾನ್ಯವಾಗಿ ಹೆಚ್ಚು.

ಇದಕ್ಕಿಂತ ಮುಖ್ಯವಾದುದು ಹಡಗಿನ ತೂಗಾಟ. ತಕ್ಕಡಿಯ ದಂಡದಲ್ಲಿ ನಡುವು ನಿಂತಂತಿದ್ದು ತುದಿಗಳು ಏರಿಳಿಯುವಂತೆ, ಅಲೆಯ ಮೇಲಿನ ಹಡಗಿನಲ್ಲಿ ಮೂತಿಯೂ ಹಿಂಬದಿಯೂ ಹೆಚ್ಚು ಏರಿಳಿಯುತ್ತವೆ. ಪಕ್ಕಕ್ಕೆ ಓಲಾಡುವಾಗ ಮೇಲಿನ ಅಂತಸ್ತುಗಳೇ ಹೆಚ್ಚು ಓಲುತ್ತವೆ. ಸ್ವೀಟುಗಳಾದರೋ ಬಹುಮಟ್ಟಿಗೆ ಮೇಲಂತಸ್ತುಗಳಲ್ಲಿ, ಹಲವು ವೇಳೆ ತುದಿಗಳಲ್ಲಿ ಇರುವುವು. ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳನ್ನು ಕೊಠಡಿಗಳ ಸ್ಥಾನದಿಂದ ವಿಂಗಡಿಸಿರುವುದು ಆಗ ನಮ್ಮ ನೆನಪಿಗೆ ಬಂದಿತು. ಉದ್ದಕ್ಕೂ ಕೊಠಡಿಯುಳ್ಳ ಸರ್ವಮಂದಿರವು ಬೊಕ್ಕಸ, ಕುದುರೆ, ಸ್ತ್ರೀಯರ ಸಾಗಣೆಗೆ. ಮುಂತುದಿಯಲ್ಲಿ ಕೊಠಡಿಯುಳ್ಳ ಅಗ್ರಮಂದಿರವು ದೂರಪ್ರಯಾಣಕ್ಕೂ ಯುದ್ಧಕ್ಕೂ. ನಡುವೆ ಕೊಠಡಿಯುಳ್ಳ ಮಧ್ಯಮಂದಿರವು ಅರಸರ ವಿಲಾಸಯಾತ್ರೆಗೆ. ಮಗನು ನಮ್ಮನ್ನು ಅರಸರಂತೆ ಕೂರಿಸಬೇಕೆಂದರೆ, ಶಾಸ್ತ್ರದಂತೆ ನಾವು ಆಗಲೇ ಸರಿಯಾದ ಸ್ಥಳದಲ್ಲಿದ್ದೆವು! ಈ ಮಾತಿಗೆ ಅವನು ನಕ್ಕನಾದರೂ ಪಟ್ಟು ಬಿಡಲಿಲ್ಲ.

ಕೊನೆಗೆ ಪ್ರಶ್ನೆಯನ್ನು ಬಿಡಿಸಿದವರು ನಮ್ಮ ಮನೆಯವರು. "ಹೊರಗೆ ಇಷ್ಟು ದೊಡ್ಡ ಲೋಕವನ್ನು ನೋಡಲು ಹೋಗುವವರು ನಡುಮನೆಯಲ್ಲಿ ಎಷ್ಟು ಹೊತ್ತು ಕೂರುತ್ತೇವೆ? ಆ ಹಣದಲ್ಲಿ ಅತ್ತಿಗೆಯವರು ಬರಬಹುದಲ್ಲ" ಎಂದರು.

ನಮ್ಮ ಅಕ್ಕನವರು ಆಗ ಕ್ಯಾಲಿಫೋರ್ನಿಯದಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು; ಯಾತ್ರೆಯ ಕಾಲ ಕಳೆದ ಮೇಲೆ ಊರಿಗೆ ಹಿಂದಿರುಗತಕ್ಕವರು; ಮತ್ತೊಮ್ಮೆ ಅಷ್ಟು ದೂರ ಬರುವ ಮಾತಿರಲಿಲ್ಲ. ನಮ್ಮ ತಂದೆಯವರು ತೀರಿಕೊಂಡ ಬಳಿಕ ನಮ್ಮನ್ನು ಓದಿಸಿದವರು ಅವರೇ. ನಾವು ಪಾಠಶಾಲೆಯಲ್ಲಿ ರಘುವಂಶವನ್ನು ಓದುತ್ತಿದ್ದ ವರ್ಷಗಳಲ್ಲಿ ಅವರು ಮನೆಮನೆಗೆ ಹಪ್ಪಳ ಸಂಡಿಗೆ ಮಾಡಿಕೊಡುತ್ತಿದ್ದರು. ನಮ್ಮ ಕೊಠಡಿಯಲ್ಲಿ ಮೂರನೆಯವರಿಗೆ ಹಾಸಿಗೆಯಾಗುವ ಸೋಫಾ ಇದ್ದಿತು. ಒಂದೇ ಕೊಠಡಿಯ ಮೂರನೆಯ ಪ್ರಯಾಣಿಕರಿಗೆ ಮೊದಲಿಬ್ಬರಿಗಿಂತ ದರ ಕಡಮೆಯಿರುವುದೂ ಸಾಮಾನ್ಯ. ಲೆಕ್ಕ ಹಾಕಿದರೆ ಹಡಗಿನ ದರ, ವಿಮಾನದ ಟಿಕೆಟ್ಟು, ಕೆನಡದ ವೀಸಾ ಎಲ್ಲವೂ ಆ 1600 ಡಾಲರಿನೊಳಗೇ ಅಡಗಿದವು. ವೀಸಾಕ್ಕೆ ಬೇಕಾದ ಕಾಲಾವಕಾಶವೂ ಉಳಿದಿದ್ದಿತು.

ಮಗನ ಮುಖ ಒಂದು ದಿನ ಬಾಡಿದ್ದಿತು. ಮರುದಿನ ಅವನೇ ದೂರವಾಣಿಯಲ್ಲಿ, "ಅತ್ತೆ, ನೀವು ಬರದಿದ್ದರೆ ಅಪ್ಪ ಅಮ್ಮನೂ ಹೊರಡುವುದಿಲ್ಲವಂತೆ" ಎಂದು ತನ್ನದೊಂದು ಮಾತನ್ನು ಸೇರಿಸಿ ಕರೆದನು. ಅಕ್ಕನವರು, "ನನಗೇಕಪ್ಪ ಈ ವಯಸ್ಸಿನಲ್ಲಿ ಹಡಗು?" ಎಂದವರು, ಸ್ವಲ್ಪ ತಡೆದು, "ಅನ್ನ ಮಾಡಿಕೊಳ್ಳುವ ಕುಕ್ಕರು ತರಬಹುದೋ?" ಎಂದು ಕೇಳಿದರು. ಅಡಿಗೆಯ ಸಾಮಾನನ್ನು ಹಡಗಿಗೆ ಒಯ್ಯಲು ಅಪ್ಪಣೆಯಿಲ್ಲ. ಆದರೆ ಮುಂಚಿತವಾಗಿ ತಿಳಿಸಿದ್ದರಿಂದ ಸಸ್ಯಾಹಾರದ ಸಾರು, ಅನ್ನ, ಮೊಸರಿಗೆ ಕೊರತೆಯಾಗಲಿಲ್ಲ.

ಇಕ್ಕಟ್ಟು ಆಗಲಿಲ್ಲವೆಂದು ಹೇಳೆವು. ಮೂವರಿಗೆ ಒಂದೇ ಸ್ನಾನಗೃಹ. ಅಕ್ಕನವರು ನಾಲ್ಕು ಗಂಟೆಗೇ ಏಳುವವರು. ರಾತ್ರಿ ಸೋಫಾ ಬಿಡಿಸಿದರೆ ನಡೆಯಲು ಸ್ಥಳವಿಲ್ಲ. ಸರದಿಯಿಂದ ಏಳುವುದನ್ನೂ ಸ್ನಾನಮಾಡುವುದನ್ನೂ ಎರಡೇ ದಿನಗಳಲ್ಲಿ ರೂಢಿಮಾಡಿಕೊಂಡೆವು. ವ್ಯಾಂಕೂವರ್ ದ್ವೀಪದ ಮರೆಯಲ್ಲಿರುವವರೆಗೆ ನೀರು ಕೆರೆಯಂತೆ ಶಾಂತವಾಗಿದ್ದು, ಅದರ ಉತ್ತರದ ತುದಿಯನ್ನು ದಾಟಿ ಕ್ವೀನ್ ಷಾರ್ಲೆಟ್ ಸೌಂಡ್ ಎಂಬ ತೆರೆದ ಭಾಗಕ್ಕೆ ಬಂದೊಡನೆ ಮಹಾಸಾಗರದ ಅಲೆ ತಾಗಿತು. ನಡುಹಡಗಿನ ಕೊಠಡಿಯಲ್ಲಿ ಮೂವರೂ ಸುಖವಾಗಿ ನಿದ್ದೆಮಾಡಿದೆವು.

ಜುನೋ ಅಲಾಸ್ಕದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗು ಇಲ್ಲವೆ ವಿಮಾನವೇ ಗತಿ. ಸ್ಕಾಗ್ವೇ ಊರು 1897-98ರಲ್ಲಿ ಕ್ಲಾಂಡೈಕಿನ ಚಿನ್ನವನ್ನರಸಿ ಹೋದವರ ದಾರಿ. ಒಂದು ವರ್ಷಕ್ಕಾಗುವ ಸಾಮಗ್ರಿಯಿಲ್ಲದವರನ್ನು ಕೆನಡದ ಪೊಲೀಸರು ಗಡಿಯೊಳಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ, ಒಂದು ಟನ್ನಿನಷ್ಟು ಸಾಮಾನನ್ನು ಕಂತುಕಂತಾಗಿ ಬೆನ್ನ ಮೇಲೆ ಹೊತ್ತು ಹಿಮದ ಕಣಿವೆಯನ್ನು ಹತ್ತಿದವರೆಷ್ಟೋ ಮಂದಿ. ಈಗ ಆ ಬೆಟ್ಟದ ಮೇಲೆ 1898ರಲ್ಲಿ ಆರಂಭವಾಗಿ 1900ರಲ್ಲಿ ಪೂರ್ಣಗೊಂಡ ಮೂರಡಿ ಅಗಲದ ರೈಲುದಾರಿಯಲ್ಲಿ ನಮ್ಮಂಥ ಮುದುಕರೂ ಕುಳಿತೇ ಹೋಗಿಬರುತ್ತಾರೆ.

ಗ್ಲೇಸಿಯರ್ ಬೇ 1980ರಿಂದ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡು ದೊಡ್ಡ ವಿಹಾರದ ಹಡಗುಗಳಿಗೆ ಮಾತ್ರ ಪ್ರವೇಶ. ಉದ್ಯಾನದ ಅಧಿಕಾರಿಗಳು ಹಡಗನ್ನು ಹತ್ತಿ ವಿವರಿಸುತ್ತಾರೆ. 1794ರಲ್ಲಿ ವ್ಯಾಂಕೂವರನ ನಾವಿಕರು ಬಂದಾಗ ಈ ಕೊಲ್ಲಿಯ ಬಹುಭಾಗವೆಲ್ಲ ಮಂಜುಗಡ್ಡೆಯೇ. 1879ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಶಾಸ್ತ್ರಜ್ಞನು ಬರುವ ಹೊತ್ತಿಗೆ ಅದು 30 ಮೈಲಿಗಿಂತ ಹೆಚ್ಚು ಹಿಂಜರಿದಿದ್ದಿತು. ಅದಕ್ಕೂ ಮುಂಚೆ, ಮುಂದೊತ್ತಿ ಬಂದ ಹಿಮನದಿಯು ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿಗಳನ್ನು ಅವರ ಊರುಗಳಿಂದ ಹೊರಡಿಸಿದ ಕಥೆಯನ್ನು ಅವರು ಇಂದಿಗೂ ಹೇಳುತ್ತಾರೆ.

ಕೊಲ್ಲಿಯ ಕೊನೆಯಲ್ಲಿ ಮಾರ್ಜರಿ ಹಿಮನದಿ. ಉದ್ದ 21 ಮೈಲಿ. ಮುಖದ ಅಗಲ ಸುಮಾರು ಒಂದು ಮೈಲಿ. ನೀರಿನಿಂದ ಮೇಲೆ 250 ಅಡಿ ಎತ್ತರದ ನೀಲಿಬಿಳಿಯ ಗೋಡೆ. ಹಡಗು ಅದರೆದುರಿಗೆ ನಿಂತು ಮೆಲ್ಲಮೆಲ್ಲನೆ ತಿರುಗುವುದರಿಂದ ಎಡಬಲದ ಕೊಠಡಿಗಳೆರಡಕ್ಕೂ ದರ್ಶನ ಸಮಾನ. ಆದರೆ ಆ ಹೊತ್ತಿಗೆ ಸ್ವೀಟಿನವರೂ ಒಳಕೊಠಡಿಯವರೂ ಕಂಬಳಿ ಹೊದ್ದು ಮೇಲಿನ ತೆರೆದ ಅಟ್ಟದಲ್ಲಿಯೇ ಸೇರಿದ್ದರು. ಗೋಡೆಯ ಒಂದು ತುಂಡು ಕಳಚಿ ನೀರಿಗೆ ಬಿದ್ದಿತು. ಬಿದ್ದುದನ್ನು ಕಂಡ ಮೇಲೆ ಸದ್ದು ಬಂದಿತು. ಟ್ಲಿಂಗಿಟ್ ಜನ ಇದನ್ನು ಬಿಳಿಯ ಗುಡುಗೆನ್ನುವರು. ಅಕ್ಕನವರು ಕೈಮುಗಿದು, "ಗಂಗೆ ಹುಟ್ಟುವಲ್ಲಿಯೂ ಹೀಗೆಯೇ ಏನೋ?" ಎಂದರು. ಗಂಗೋತ್ರಿಯ ಹಿಮನದಿಯ ಬಾಯಿಯಾದ ಗೋಮುಖವನ್ನು ಕುರಿತು ನಮಗೆ ತಿಳಿದಷ್ಟನ್ನು ಹೇಳಿದೆವು. ನಮ್ಮನ್ನು ಓದಿಸಿದವರಿಗೆ ನಾವು ಹೇಳಿದ ಪಾಠ ಅದೊಂದೇ ಎಂದು ತೋರುತ್ತದೆ.

ದೊಡ್ಡ ಕೊಠಡಿಯನ್ನು ನಾವು ನಿಂದಿಸುವವರಲ್ಲ. ಹಗಲಿನಲ್ಲಿ ಬಹುಹೊತ್ತು ಮಲಗಿರಬೇಕಾದ ರೋಗಿಗಳಿಗೂ, ಹಸುಗೂಸಿನೊಡನೆ ಹೋಗುವವರಿಗೂ, ಸಾಲಿನಲ್ಲಿ ನಿಲ್ಲಲಾರದವರಿಗೂ ಅದು ಭೋಗವಲ್ಲ, ಸೌಕರ್ಯ. ಉಳಿದವರು ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ಕೊಠಡಿಯೊಳಗೆ ಎಚ್ಚರವಾಗಿ ಎಷ್ಟು ಹೊತ್ತು ಇರುತ್ತೇವೆ? ಆ ಕೊಠಡಿ ಹಡಗಿನ ಯಾವ ಭಾಗದಲ್ಲಿದೆ? ಅದೇ ಹಣದಲ್ಲಿ ಜೊತೆಗೆ ಬರಬಹುದಾದವರು ಯಾರಾದರೂ ಊರಿನಲ್ಲಿ ಉಳಿದಿದ್ದಾರೆಯೇ? ಮೂರನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ಮೊದಲೆರಡನ್ನು ನೋಡಿಕೊಂಡು, ಮಕ್ಕಳು ಕೊಡಿಸುವ ಸ್ವೀಟನ್ನು ಸಂತೋಷದಿಂದ ಸ್ವೀಕರಿಸಬಹುದು.